ಹೆಸರಿಲ್ಲದ ಪಟ್ಟಿಯಲ್ಲಿ ಬಿಡ್ಡಿ ಮೇಸನ್

9 ನವೆಂಬರ್ 2025, ಭಾನುವಾರ

ರಜೆಯ ದಿನ ಪೂರ್ತಿ ಬಿಡ್ಡಿ ಮೇಸನ್ ಬೆನ್ನು ಹತ್ತಿದ್ದೇ ಆಯ್ತು. ಗುಲಾಮಗಿರಿಯಿಂದ ಬಿಡಿಸಿಕೊಂಡು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಿರಿವಂತಳಾದ ಕಪ್ಪು ಹೆಂಗಸು ಇವಳು. ಹುಟ್ಟಿದ್ದು 1818ರಲ್ಲಿ, ಗುಲಾಮಳಾಗಿ. ಜಾರ್ಜಿಯಾ ಅಂತ ಕೆಲವರು, ಮಿಸಿಸಿಪ್ಪಿ ಅಂತ ಇನ್ನು ಕೆಲವರು. ಅಪ್ಪ ಅಮ್ಮ ಯಾರು ಅಂತ ಹುಡುಕೋಕೆ ಹೋದರೆ ದಾರಿ ಅಲ್ಲೇ ನಿಲ್ಲುತ್ತದೆ. 1850ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಮಾಲೀಕನ ಹೆಸರು ಬರೆದು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅವರ ಹೆಸರಿಗೆ ಅಂತ ಒಂದು ಕಾಲಂ ಕೂಡ ಇಲ್ಲ.

ಅಮೆರಿಕದ ಪಶ್ಚಿಮಕ್ಕೆ ವಲಸೆ ಹೋದ ಹೆಂಗಸರು ಅಂದ ಕೂಡಲೇ ಬಂಡಿಯಲ್ಲಿ ಕೂತ, ಬಾನೆಟ್ ಟೋಪಿ ತೊಟ್ಟ ಬಿಳಿ ಹೆಂಗಸೇ ಕಣ್ಣಿಗೆ ಬರೋದು, ಅಲ್ವಾ? ಬಿಡ್ಡಿ ಬಂಡಿಯ ಹಿಂದೆ ನಡೆದವಳು. 1848ರಲ್ಲಿ ಮಾಲೀಕ ರಾಬರ್ಟ್ ಸ್ಮಿತ್ ಮಾರ್ಮನ್ ಅನ್ನೋ ಕ್ರೈಸ್ತ ಪಂಥದವರ ಜೊತೆ ಮಿಸಿಸಿಪ್ಪಿಯಿಂದ ಯೂಟಾಗೆ ಹೊರಟ. ಇವಳು ದನ ಹೊಡೆದುಕೊಂಡು, ಅಡುಗೆ ಮಾಡಿಕೊಂಡು, ದಾರಿಯಲ್ಲಿ ಬೇರೆ ಹೆಂಗಸರಿಗೆ ಹೆರಿಗೆ ಮಾಡಿಸುತ್ತಾ, ಎಲೆನ್, ಆನ್, ಹ್ಯಾರಿಯೆಟ್ ಅನ್ನೋ ಮೂರು ಹೆಣ್ಣುಮಕ್ಕಳನ್ನೂ ಸಂಭಾಳಿಸುತ್ತಾ ಹಿಂದೆ ನಡೆದಳು. ಹ್ಯಾರಿಯೆಟ್ ಆಗಿನ್ನೂ ಕೈಗೂಸು.

1851ರಲ್ಲಿ ಸ್ಮಿತ್ ಎಲ್ಲರನ್ನೂ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋಗೆ ಕರೆತಂದ. ಅಲ್ಲಿನ ಸಂವಿಧಾನದ ಪ್ರಕಾರ ಗುಲಾಮಗಿರಿ ಇಲ್ಲ. ಆದರೂ ಸುಮ್ನೆ ದುಡಿಸಿಕೊಂಡ. ಕೊನೆಗೆ ಗುಲಾಮಗಿರಿ ಇನ್ನೂ ಇದ್ದ ಟೆಕ್ಸಾಸ್‌ಗೆ ಸಾಗಿಸೋಕೆ ನೋಡಿದಾಗ ಲಾಸ್ ಏಂಜಲೀಸ್‌ನ ರಾಬರ್ಟ್ ಓವೆನ್ಸ್ ಅಡ್ಡ ನಿಂತ, ವಿಷಯ ಕೋರ್ಟಿಗೆ ಹೋಯ್ತು. ಅವನೂ ಒಂದು ಕಾಲಕ್ಕೆ ಗುಲಾಮನೇ. ಅವನ ಮಗ ಚಾರ್ಲ್ಸ್‌ಗೆ ಎಲೆನ್ ಮೇಲೆ ಮನಸ್ಸಿತ್ತು ಅಂತಾರೆ. ಪ್ರೀತಿಯೂ ಒಮ್ಮೊಮ್ಮೆ ಕೋರ್ಟು ಹತ್ತಿಸುತ್ತೆ!

ಬಿಳಿಯರ ವಿರುದ್ಧ ಕಪ್ಪುಜನ ಸಾಕ್ಷಿ ಹೇಳುವಂತಿಲ್ಲ ಅನ್ನೋದು ಆಗಿನ ಕಾನೂನು. ಅದಕ್ಕೇ ನ್ಯಾಯಾಧೀಶ ಬೆಂಜಮಿನ್ ಹೇಸ್ ಬಿಡ್ಡಿಯನ್ನು ತನ್ನ ಕೊಠಡಿಗೆ ಕರೆಸಿ ಮಾತಾಡಿಸಿದ. 1856ರ ಜನವರಿಯಲ್ಲಿ ಬಿಡ್ಡಿ, ಅವಳ ಮಕ್ಕಳು ಸೇರಿ ಸ್ಮಿತ್ ಹತ್ತಿರ ಇದ್ದ ಒಟ್ಟು 14 ಮಂದಿಗೆ ಬಿಡುಗಡೆ. ವಂಶದ ಎಳೆ ಹುಡುಕುವವರಿಗೆ ಈ ಕೇಸಿನ ಕಾಗದಗಳೇ ಬಂಗಾರ. ಜನಗಣತಿಯವರು ಕೇಳದ ತಾಯಿ ಮಕ್ಕಳ ಹೆಸರುಗಳು ಇಲ್ಲಿ ಸಿಗುತ್ತವೆ.

ಆಮೇಲೆ ಡಾಕ್ಟರ್ ಜಾನ್ ಗ್ರಿಫಿನ್ ಹತ್ತಿರ ಸೂಲಗಿತ್ತಿ, ನರ್ಸ್ ಕೆಲಸ, ದಿನಕ್ಕೆ 2.50 ಡಾಲರ್. ಹತ್ತು ವರ್ಷ ಕೂಡಿಟ್ಟು 1866ರಲ್ಲಿ ಸ್ಪ್ರಿಂಗ್ ಸ್ಟ್ರೀಟ್ ಬಳಿ 250 ಡಾಲರ್‌ಗೆ ಜಾಗ ಕೊಂಡಳು. ಓದು ಬರಹ ಬರುತ್ತಿರಲಿಲ್ಲ, ಕಾಗದಪತ್ರಕ್ಕೆ ಸಹಿ ಅಂದರೆ ಒಂದು ಗೀಟಿನ ಮೇಲೆ ಇನ್ನೊಂದು ಅಡ್ಡ ಗೀಟು. ಊರು ಬೆಳೆದಂತೆ ಆ ಜಾಗದ ಬೆಲೆ ಏರಿತು, ಬಿಡ್ಡಿ ಊರಿನ ದೊಡ್ಡ ಸಿರಿವಂತರ ಸಾಲಿಗೆ ಬಂದಳು. 1872ರಲ್ಲಿ ಕಪ್ಪುಜನರ ಫಸ್ಟ್ ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚ್ ಶುರುವಾಗಿದ್ದು ಇವಳ ಮನೆಯಲ್ಲೇ.

ನನಗೆ ಜಾಸ್ತಿ ಕಾಡೋದು ಮುಂದಿನದು. ಇಷ್ಟೆಲ್ಲಾ ಮಾಡಿದವಳು 1891ರಲ್ಲಿ ತೀರಿಕೊಂಡಾಗ ಎವರ್‌ಗ್ರೀನ್ ಸ್ಮಶಾನದಲ್ಲಿ ಹೂಳಿದರು, ಹೆಸರಿನ ಕಲ್ಲು ನಿಂತಿದ್ದು 1988ರಲ್ಲಿ. ಅಷ್ಟು ವರ್ಷ ಊರಿಗೆ ಪುರುಸೊತ್ತೇ ಇರಲಿಲ್ಲ ಅನ್ನಿ.

ಎಲೆನ್ ಮದುವೆಯಾಗಿದ್ದು ಅದೇ ಚಾರ್ಲ್ಸ್‌ನನ್ನು. ಅವರ ಮಗ ರಾಬರ್ಟ್ ಕರಿ ಓವೆನ್ಸ್ ಅಜ್ಜಿಯ ಜಾಗದ ವ್ಯವಹಾರ ಬೆಳೆಸಿ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಕುಳ ಆದ. ಅವನ ಜಾಡು ಹಿಡಿಯೋದು ಸುಲಭ, ದುಡ್ಡಿದ್ದವರ ಹೆಸರು ಎಲ್ಲ ಕಡೆ ಇರುತ್ತೆ. ಮುಂದಿನ ವಾರ ಹ್ಯಾರಿಯೆಟ್ ಕಡೆಯ ಕೊಂಡಿ ನೋಡಬೇಕು.