ನಾಲ್ಕು ಬಂಗುಡೆಗಳ ಲೆಕ್ಕ

ಇವತ್ತು ಕೊಣಾಜೆಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪಿಯರ್ ರಿವ್ಯೂ, ಅಂದರೆ ಸಂಶೋಧನಾ ಪ್ರಬಂಧವನ್ನು ಪ್ರಕಟಿಸುವ ಮುನ್ನ ಅದೇ ಕ್ಷೇತ್ರದ ಇತರರು ಪರಿಶೀಲಿಸುವುದು, ಅಭ್ಯಾಸ ಮಾಡಿಸಿದೆ.

ಮಲ್ಪೆ ಬಂದರಿನ ಬಂಗುಡೆಯ ಮೇಲೆ ಒಂದು ಪ್ರಬಂಧ, ಅಭ್ಯಾಸಕ್ಕೆಂದೇ ಬರೆದದ್ದು. ಹೆಚ್ಚಿನವರು ವ್ಯಾಕರಣ ತಿದ್ದಿದರು, ಉಲ್ಲೇಖಗಳು ಸಾಲವು ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮೂರನೇ ಕೋಷ್ಟಕದ ಮೇಲೆ ಪೆನ್ಸಿಲ್ ಆಡಿಸುತ್ತಾ ಕೂಡಿಸುತ್ತಿದ್ದಳು.

"ಸರ್, ವಿಧಾನದ ಭಾಗದಲ್ಲಿ 52 ಮೀನು ಎಂದಿದೆ. ಇಲ್ಲಿ ಕೂಡಿಸಿದರೆ 48. ಉಳಿದ ನಾಲ್ಕು ಎಲ್ಲಿ ಹೋದವು?"

ಎಂಥ ಪ್ರಶ್ನೆ! ಕೆಟ್ಟುಹೋದವೇ? ಲೆಕ್ಕಕ್ಕೆ ಹೊಂದಲಿಲ್ಲವೆಂದು ಬಿಟ್ಟರೇ? ಇಡೀ ಫಲಿತಾಂಶ ಆ ನಾಲ್ಕರ ಮೇಲೆ ನಿಂತಿರಬಹುದು.

ಅವಳು "ವಿಶ್ಲೇಷಣೆ ದುರ್ಬಲ" ಎಂದು ಗೀಚಿ ಕೈತೊಳೆದುಕೊಳ್ಳಲಿಲ್ಲ. ಯಾವ ಪುಟ, ಯಾವ ಸಾಲು, ಲೇಖಕರು ಏನನ್ನು ವಿವರಿಸಬೇಕು, ಎಲ್ಲವನ್ನೂ ಬರೆದಿದ್ದಳು. ಬಹಳ ಖುಷಿಯಾಯಿತು.

ಪ್ರಬಂಧ ಬರೆಯುವುದನ್ನು ಕಲಿಸಲು ಗೈಡ್ ಇರುತ್ತಾರೆ. ಇನ್ನೊಬ್ಬರ ಪ್ರಬಂಧವನ್ನು ತೂಗಿ ನೋಡುವುದನ್ನು ಕಲಿಸುವವರು ಕಡಿಮೆ. ಒಂದು ದಿನ "ಈ ಪ್ರಬಂಧವನ್ನು ವಿಮರ್ಶಿಸಿ ಕೊಡಿ" ಎಂದು ಜರ್ನಲ್ ಸಂಪಾದಕರ ಇಮೇಲ್ ಬರುತ್ತದೆ, ಅಷ್ಟೇ.

ಚಿಕ್ಕ ತರಬೇತಿಯೊಂದೇ ಸಾಲದು ಎಂಬುದೂ ನಿಜ. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೇಕೆಂದೇ 9 ದೊಡ್ಡ ತಪ್ಪುಗಳನ್ನು ಸೇರಿಸಿದ ಪ್ರಬಂಧ ಕೊಟ್ಟಾಗ ತರಬೇತಿ ಪಡೆದವರೂ ಹಿಡಿದದ್ದು ಸರಾಸರಿ ಮೂರರ ಆಸುಪಾಸು. ಮತ್ತೆ ಮತ್ತೆ ಮಾಡಿಸಬೇಕು, ಹಿರಿಯರು ಪಕ್ಕದಲ್ಲಿ ಕುಳಿತು.

ಗೈಡ್ ಆಗಿರುವ ಸ್ನೇಹಿತರೇ, ಮುಂದಿನ ಸಲ ವಿಮರ್ಶೆಗೆ ಪ್ರಬಂಧ ಬಂದಾಗ ಸಂಪಾದಕರ ಅನುಮತಿ ಪಡೆದು ವಿದ್ಯಾರ್ಥಿಯೊಂದಿಗೆ ಕುಳಿತು ಓದಿ. ಅವರ ಪಾಲಿನ ಕೆಲಸವನ್ನು ಸಂಪಾದಕರಿಗೆ ಹೆಸರು ಹೇಳಿ ತಿಳಿಸಿ.