ಕಡ ತಂದ ಸೈಕಲ್ಲಿನಲ್ಲಿ ಉಟ್ರೆಕ್ಟ್

ಭಾನುವಾರ, 18 ಮೇ 2025

ಪಕ್ಕದ ರೂಮಿನವಳು ರಜೆಗೆ ಹೋಗಿದ್ದಾಳೆ. ಸುಮ್ನೆ ನಿಲ್ಲಿಸಿದರೆ ತುಕ್ಕು ಹಿಡಿಯುತ್ತೆ, ಬರೋವರೆಗೂ ಓಡಿಸ್ತಿರು ಅಂತ ಸೈಕಲ್ ಬಿಟ್ಟು ಹೋದಳು. ಬೆಳಿಗ್ಗೆ ಬಿಸಿಲು ಬಂದಿತ್ತು. ನೆದರ್ಲೆಂಡ್ಸಿನ ಈ ಉಟ್ರೆಕ್ಟ್ ಊರು ಸುತ್ತೋಣ ಅಂತ ಹೊರಟೆ.

ಹಳೇ ಕಾಲದ ಕಪ್ಪು ಸೈಕಲ್. ಗೇರಿಲ್ಲ, ಹ್ಯಾಂಡಲ್ಲಿನಲ್ಲಿ ಬ್ರೇಕೂ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಾಡಿ ನಿಲ್ಲುತ್ತದೆ. ಹಾಗಾಗಿ ನಿಂತ ಮೇಲೆ ಪೆಡಲ್ ಹಿಂದೆ ತಿರುಗಿಸಿ ಕಾಲಿಗೆ ಸರಿಮಾಡಿಕೊಳ್ಳೋಣ ಅಂದರೆ ಆಗುವುದಿಲ್ಲ. ಇಲ್ಲಿನವರನ್ನು ಸಿಗ್ನಲ್ ಹತ್ತಿರ ಗಮನಿಸಬೇಕು: ನಿಲ್ಲುವ ಮುಂಚೆಯೇ ಒಂದು ಪೆಡಲ್ ಮೇಲಿರುವ ಹಾಗೆ ನೋಡಿಕೊಂಡಿರುತ್ತಾರೆ. ಹಸಿರು ಬಿದ್ದ ಕೂಡಲೇ ಒಂದೇ ತುಳಿತ, ಹೋದರು! ಬೀಗವೂ ಜಾಣತನದ್ದು. ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಇರುತ್ತದೆ. ಬೀಗ ತೆಗೆದಿದ್ದಾಗ ಕೀ ಅದರಲ್ಲೇ ಉಳಿಯುತ್ತದೆ, ಹಾಕಿದ ಮೇಲಷ್ಟೇ ಕೈಗೆ ಬರುತ್ತದೆ.

ಮೊದಲು ಡೋಮ್ ಗೋಪುರ. 112 ಮೀಟರ್ ಎತ್ತರ, ಎಲ್ಲಿ ಹೋದರೂ ಕಾಣಿಸುತ್ತಿರುತ್ತದೆ, ಮ್ಯಾಪ್ ಬೇಕಾಗಿಲ್ಲ. ಕಮಾನಿನಡಿ ಸೈಕಲ್ ತಳ್ಳಿಕೊಂಡು ಹೋದರೆ ಆಚೆಗೆ ಬಯಲು, ಅದರಾಚೆ ಚರ್ಚು. ಮೊದಲು ಇವೆರಡೂ ಒಂದೇ ಕಟ್ಟಡವಾಗಿದ್ದವು. 1674ರ ಬಿರುಗಾಳಿಗೆ ನಡುವಿನ ಭಾಗ ಕುಸಿದು ಬಿತ್ತು. ಮತ್ತೆ ಯಾರೂ ಕಟ್ಟಲಿಲ್ಲ. ಗೋಡೆ, ಕಂಬ ಎಲ್ಲಿದ್ದವು ಅಂತ ಈಗ ನೆಲದ ಕಲ್ಲಿನಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದಾರೆ, ಅಷ್ಟೇ.

ಗಾಳಿ ಕೆಡವಿದ್ದನ್ನು ಹಾಗೇ ಬಿಟ್ಟ ಊರು, ತಾನೇ ಕೆಡಿಸಿದ್ದನ್ನು ಮಾತ್ರ ಸರಿಮಾಡಿಕೊಂಡಿದೆ. ನನಗೆ ಇವತ್ತು ಜಾಸ್ತಿ ಹಿಡಿಸಿದ್ದು ಅದೇ. ಹಳೇ ಊರಿನ ಸುತ್ತ ಕಂದಕವಿದೆ. 1970ರ ದಶಕದಲ್ಲಿ ಸ್ಟೇಷನ್ ಕಡೆಯ ಭಾಗದಲ್ಲಿ ನೀರು ಖಾಲಿ ಮಾಡಿ, ಕಾರುಗಳಿಗೆ ಅಂತ ದೊಡ್ಡ ರಸ್ತೆ ಮಾಡಿದರು. 2002ರಲ್ಲಿ ಊರಿನವರು ವೋಟು ಹಾಕಿ ನೀರೇ ಬೇಕು ಅಂದರು. 2020ರಲ್ಲಿ ಕಂದಕ ಮತ್ತೆ ಪೂರ್ತಿಯಾಯಿತು. ವೋಟು ಹಾಕಿದವರು 18 ವರ್ಷ ಕಾದರು ನೋಡಿ! ಕಾಥರೈನೆಸಿಂಗೆಲ್ ಅನ್ನುವ ಆ ದಂಡೆಯುದ್ದಕ್ಕೂ ನಿಧಾನವಾಗಿ ತುಳಿದೆ. ಕಾರು ಓಡುತ್ತಿದ್ದ ಜಾಗದಲ್ಲಿ ದೋಣಿ, ಇಳಿಜಾರಿನ ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಜನ. ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗುವಾಗ ಇದು ಯಾವತ್ತೂ ಕಣ್ಣಿಗೆ ಬಿದ್ದಿರಲಿಲ್ಲ.

ಸ್ಟೇಷನ್ ಕೆಳಗಿನ ಸೈಕಲ್ ನಿಲ್ದಾಣಕ್ಕೆ ಇಣುಕಿ ಬಂದೆ. 12,500 ಸೈಕಲ್ ಹಿಡಿಸುತ್ತದಂತೆ. ನಮ್ಮದೂ ಕಪ್ಪು, ಅಲ್ಲಿರುವ ಮುಕ್ಕಾಲು ಪಾಲೂ ಕಪ್ಪು. ನಿಲ್ಲಿಸುವ ಧೈರ್ಯ ಬರಲಿಲ್ಲ.

ಕೊನೆಗೆ ಪಶ್ಚಿಮಕ್ಕೆ, ಡಾಫ್ನೆ ಸ್ಖಿಪರ್ಸ್ ಸೇತುವೆಗೆ. ಇದೇ ಊರಿನ ಓಟಗಾರ್ತಿಯ ಹೆಸರು. ಸೇತುವೆ ಹತ್ತುವ ದಾರಿ ಒಂದು ಶಾಲೆಯ ಚಾವಣಿ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತದೆ. ಕೆಳಗೆ ತರಗತಿ, ಮೇಲೆ ಸೈಕಲ್ಲು! ಹತ್ತುವಾಗ ಎದುರುಗಾಳಿ ಬೇರೆ. ನಾನು ಸೀಟು ಬಿಟ್ಟೆದ್ದು ಏದುಸಿರು ಬಿಡುತ್ತಾ ತುಳಿಯುತ್ತಿದ್ದರೆ, ಬ್ಯಾಟರಿ ಸೈಕಲ್ಲಿನ ಅಜ್ಜಿಯೊಬ್ಬರು ಟ್ರಿಣ್ ಅಂತ ಬೆಲ್ ಮಾಡಿ, ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮುಂದೆ ಹೋದರು.