ಬ್ಲೂಬಾನೆಟ್ ಹೊತ್ತಿನಲ್ಲಿ ಅಜ್ಜಿ ತಾತನ ಫೋಟೋ

ಮಾರ್ಚ್ 23, 2025, ಭಾನುವಾರ
ರೌಂಡ್ ರಾಕ್, ಟೆಕ್ಸಸ್

ಮುಂದಿನ ವಾರ ಯುಗಾದಿ. ಊರಿನಲ್ಲಿ ಭಾನುವಾರ, 30ಕ್ಕೆ. ಇಲ್ಲಿ ಸೂರ್ಯ ಹುಟ್ಟುವ ಹೊತ್ತಿನ ಲೆಕ್ಕದಲ್ಲಿ ಪಾಡ್ಯ ಶನಿವಾರವೇ ಬಿದ್ದಿದೆ. ಹಾಸನದ ಒಂದು ಕುಟುಂಬದ ಫೋಟೋ ತೆಗೆದುಕೊಡಲು ಒಪ್ಪಿಕೊಂಡಿದ್ದೇನೆ. ಅಜ್ಜಿ, ತಾತ, ಮಗ, ಸೊಸೆ, ಏಳು ವರ್ಷದ ಹುಡುಗಿ, ಎರಡು ವರ್ಷದ ಹುಡುಗ. ಅಜ್ಜಿ ತಾತ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾರೆ.

"ಅಕ್ಕಾ, ಹಬ್ಬದ ದಿನವೇ ತೆಗೆದುಬಿಡೋಣ, ಹೇಗೂ ಹೊಸ ಬಟ್ಟೆ ಹಾಕಿರ್ತೀವಿ" ಎಂದಳು ಸೊಸೆ. ನಾನು ಬೇಡ ಎಂದೆ. ಶನಿವಾರ ಬೆಳಿಗ್ಗೆ ಎಣ್ಣೆ ಸ್ನಾನ, ಆಮೇಲೆ ದೇವಸ್ಥಾನ, ಮಧ್ಯಾಹ್ನ ಒಬ್ಬಟ್ಟಿನ ಊಟ. ಸಂಜೆ ಹೊತ್ತಿಗೆ ದೊಡ್ಡವರಿಗೆ ಸುಸ್ತು, ಮಕ್ಕಳಿಗೆ ಹಟ. ಹಬ್ಬ ಹಬ್ಬದ ಪಾಡಿಗೆ ಆಗಲಿ. ಭಾನುವಾರ ಸಂಜೆ ಎಲ್ಲರೂ ನಿದ್ದೆ ಮಾಡಿ ಎದ್ದಿರುತ್ತಾರೆ, ಅದೇ ಹೊಸ ಬಟ್ಟೆ ಮತ್ತೆ ಉಡಬಹುದು. ಊರಿನವರಿಗೆ ಕಳಿಸುವಾಗ ಯುಗಾದಿ ದಿನದ ಫೋಟೋ ಎಂದರೂ ಸುಳ್ಳಲ್ಲ.

ಟೆಕ್ಸಸ್‌ನ ನಮ್ಮ ಭಾಗದಲ್ಲಿ ಬ್ಲೂಬಾನೆಟ್ ಎಂಬ ನೀಲಿ ಕಾಡುಹೂವು ತುಂಬಿ ಅರಳುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಎಷ್ಟೋ ವರ್ಷ ಯುಗಾದಿಯೂ ಅದರೊಳಗೇ ಬರುತ್ತದೆ. ಕಳೆದ ವರ್ಷ ಏಪ್ರಿಲ್ 9ಕ್ಕೆ ಯುಗಾದಿ, ಹಿಂದಿನ ದಿನವೇ ಪೂರ್ಣ ಸೂರ್ಯಗ್ರಹಣ. ಹೂವಿಗೆ ಬಂದವರೂ ಗ್ರಹಣಕ್ಕೆ ಬಂದವರೂ ಸೇರಿ ಇಲ್ಲಿಂದ ಪಶ್ಚಿಮದ ಗುಡ್ಡಗಾಡು ಹಿಲ್ ಕಂಟ್ರಿಯ ಕಡೆ ಜನವೋ ಜನ. ಈ ವರ್ಷ ಅಷ್ಟು ಗಲಾಟೆ ಇಲ್ಲ. ಆದರೆ ಹೂವೂ ಕಡಿಮೆ.

ಅದಕ್ಕೆ ಕಾರಣ ಈಗಿನ ಮಳೆಯಲ್ಲ, ಕಳೆದ ಸೆಪ್ಟೆಂಬರ್, ಅಕ್ಟೋಬರ್. ಬ್ಲೂಬಾನೆಟ್ ಒಂದು ವರ್ಷದ ಗಿಡ. ಬೀಜ ಮೊಳೆಯಬೇಕಾದರೆ ಬೇಸಿಗೆ ಮುಗಿದ ಕೂಡಲೇ ಮಳೆ ಬೇಕು. ಮೊಳೆತ ಗಿಡ ಚಳಿಗಾಲವೆಲ್ಲ ನೆಲಕ್ಕೆ ಅಂಟಿಕೊಂಡು ಚಿಕ್ಕ ಎಲೆಗಳ ಚಕ್ರದಂತೆ ಕೂತಿರುತ್ತದೆ. ಒಳಗೊಳಗೇ ಬೇರು ಬಿಡುತ್ತಿರುತ್ತದೆ. ವಸಂತ ಬಂದಾಗ ಒಮ್ಮೆಲೇ ಏಳುತ್ತದೆ. 2024ರ ಆ ತಿಂಗಳುಗಳಲ್ಲಿ ಇಲ್ಲಿ ನೆಲ ಒಣಗಿಯೇ ಇತ್ತು. ಮೊಳೆಯದ ಬೀಜ ಸತ್ತಿಲ್ಲ, ಅದರ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಮಣ್ಣಲ್ಲಿ ಕಾಯಬಲ್ಲದು. ಆದರೆ ಈ ವಸಂತಕ್ಕೆ ಅದು ಸಿಗುವುದಿಲ್ಲ. ಹಾಗಾಗಿ ಈ ಸಲ ಕಳೆದ ವರ್ಷದ ಫೋಟೋ ನೋಡಿ ಜಾಗ ಆರಿಸುವ ಹಾಗಿಲ್ಲ. ನೀರು ಇಳಿದು ಬರುವ ತಗ್ಗು, ಹಳ್ಳದ ದಂಡೆ, ತೇವ ನಿಲ್ಲುವ ಕಡೆ ಹುಡುಕಬೇಕು.

ಇವತ್ತು ಸಂಜೆ ಅದಕ್ಕೇ ಹೋಗಿದ್ದೆ. ಲೇಕ್ ಟ್ರಾವಿಸ್ ದಂಡೆಯ ಮ್ಯೂಲ್‌ಶೂ ಬೆಂಡ್ ಎಲ್ಲರ ಬಾಯಲ್ಲೂ ಇರುವ ಜಾಗ, ಚೆಂದವೂ ಹೌದು. ಆದರೆ ತಾತನಿಗೆ ಮಂಡಿನೋವು. ಕಲ್ಲುಮಣ್ಣಿನಲ್ಲಿ ಅವರನ್ನು ನಡೆಸಿಕೊಂಡು ಹೋಗಿ ಆಮೇಲೆ ನಗಿ ಅಂದರೆ ಎಲ್ಲಿಂದ ನಗು ಬರಬೇಕು? ಹೂವು ಸ್ವಲ್ಪ ಕಡಿಮೆ ಇದ್ದರೂ ಕಾರು ನಿಲ್ಲಿಸಿದ ಕಡೆಯಿಂದ ಹತ್ತಿರ ಇರಬೇಕು. ಸಿಮೆಂಟ್ ದಾರಿ ಇರಬೇಕು, ಟಾಯ್ಲೆಟ್ ಇರಬೇಕು. ಹಿರಿಯರಿರುವ ಫೋಟೋಗೆ ನಾನು ಮೊದಲು ನೋಡುವುದು ಇದನ್ನೇ. ನಮ್ಮ ಮನೆ ಕಡೆಯ ಪಾರ್ಕಿನಲ್ಲಿ ಒಂದು ಇಳಿಜಾರು ಸಿಕ್ಕಿತು. ಹೂವು ಒಂದೇ ಸಮ ಹಾಸಿಲ್ಲ, ಅಲ್ಲಲ್ಲಿ ಗುಂಪು. ನಡುನಡುವೆ ಬರಿ ನೆಲ ಇದೆ. ನನಗೆ ಬೇಕಾಗಿದ್ದೂ ಆ ಬರಿ ನೆಲವೇ.

ಯಾಕೆಂದರೆ ವಿಡಿಯೋ ಕಾಲ್‌ನಲ್ಲಿ ಅಜ್ಜಿ ಕೇಳಿದ ಮೊದಲ ಪ್ರಶ್ನೆ ಇದು: "ಅಲ್ಲಮ್ಮಾ, ಅಷ್ಟೊಂದು ಹೂವಿನ ಮೇಲೆ ಹೋಗಿ ಕೂತ್ಕೋಬೇಕಾ? ತುಳಿದ ಹಾಗಾಗಲ್ವಾ?"

ನನಗೆ ತುಂಬಾ ಸಂತೋಷವಾಯಿತು. ಹೂವು ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವರು ಕೇಳುವ ಪ್ರಶ್ನೆ ಇದು. ಇಲ್ಲಿ ಪ್ರತಿ ವರ್ಷ ನೋಡುತ್ತೇನೆ. ಹೊಲದ ನಟ್ಟನಡುವೆ ಮಗುವನ್ನು ಕೂರಿಸಿ ಫೋಟೋ ತೆಗೆದು ಹೋಗುತ್ತಾರೆ. ಒಬ್ಬರು ಹೋದ ದಾರಿಯಲ್ಲೇ ಇನ್ನೊಬ್ಬರು. ಏಪ್ರಿಲ್ ಹೊತ್ತಿಗೆ ಅಲ್ಲೆಲ್ಲ ಚಪ್ಪಟೆ ಗುಂಡಿಗಳು. ಮುರಿದ ಗಿಡ ಕಾಯಿ ಕಟ್ಟುವುದಿಲ್ಲ. ಕಾಯಿ ಇಲ್ಲದಿದ್ದರೆ ಆ ಜಾಗಕ್ಕೆ ಹೊಸ ಬೀಜ ಬೀಳುವುದಿಲ್ಲ. ಹೂವು ಕಡಿಮೆಯಾದ ಇಂಥ ವರ್ಷದಲ್ಲಿ ಒಂದೊಂದು ಗಿಡವೂ ಲೆಕ್ಕಕ್ಕೆ ಬರುತ್ತದೆ.

"ಇಲ್ಲಮ್ಮಾ, ನೀವು ಹೂವಿನ ಒಳಗೆ ಕಾಲಿಡೋದೇ ಇಲ್ಲ. ಫೋಟೋದಲ್ಲಿ ಮಾತ್ರ ಮಧ್ಯದಲ್ಲಿ ಇದ್ದ ಹಾಗೆ ಕಾಣುತ್ತೆ" ಎಂದೆ. ಅವರಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಆದರೆ ನಿಜವಾಗಿಯೂ ಆಗುತ್ತದೆ. ಇದರಲ್ಲಿ ಮಾಯೆ ಏನಿಲ್ಲ, ಲೆನ್ಸಿನ ಗುಣ ಅಷ್ಟೇ. ಗಿಡದ ಎತ್ತರ ಸುಮಾರು ಒಂದು ಅಡಿ. ನಿಂತುಕೊಂಡು ಕ್ಯಾಮೆರಾ ಹಿಡಿದರೆ ಹೂವಿಗಿಂತ ನೆಲವೇ ಜಾಸ್ತಿ ಕಾಣುತ್ತದೆ. ಅದಕ್ಕೇ ಜನ ಇನ್ನೂ ಒಳಗೆ, ಇನ್ನೂ ಒಳಗೆ ಎಂದು ಹೋಗುವುದು. ನಾನು ದಾರಿಯ ಅಂಚಿನಲ್ಲೇ ಮಲಗಿಬಿಡುತ್ತೇನೆ. ಕ್ಯಾಮೆರಾ ಹೂವಿನ ಮಟ್ಟಕ್ಕೆ ಇಳಿಯಬೇಕು. ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಜೂಮ್ ಲೆನ್ಸನ್ನು 135ರ ಆಚೆಗೆ ಎಳೆದು ದೂರದಿಂದ ತೆಗೆದರೆ ಹಿಂದಿನ ಗುಂಪುಗಳೆಲ್ಲ ಹತ್ತಿರ ಸರಿದು ಒಂದರ ಮೇಲೊಂದು ಕೂರುತ್ತವೆ. ನಡುವಿನ ಬರಿ ನೆಲ ಮಾಯವಾಗುತ್ತದೆ. ನನಗೂ ಅವರಿಗೂ ನಡುವೆ ಒಂದು ಗುಂಪು ಹೂವು ಇದ್ದರೆ ಅದು ಮಸುಕಾಗಿ ಕಾಲು, ಚಪ್ಪಲಿ, ಸ್ಟೂಲ್ ಎಲ್ಲವನ್ನೂ ಮುಚ್ಚುತ್ತದೆ. ಆರು ಜನ ಎರಡು ಸಾಲಿನಲ್ಲಿ ಇದ್ದಾಗ ಲೆನ್ಸಿನ ಕಿಂಡಿಯನ್ನು ಎಫ್ 2.8ರಷ್ಟು ಅಗಲ ತೆರೆಯಬಾರದು, ಹಿಂದಿನ ಸಾಲಿನ ಮುಖ ಮಸುಕಾಗುತ್ತದೆ. 5.6 ಇಟ್ಟುಕೊಳ್ಳುತ್ತೇನೆ. ಅಜ್ಜಿ ತಾತ ಇಬ್ಬರೇ ಕೂತಾಗ 2.8 ಸಾಕು.

ಹೂವು ಇನ್ನೊಂದು ವಾರ ನಿಲ್ಲುತ್ತದಾ ಎಂಬುದೂ ಗಿಡ ನೋಡಿದರೆ ಗೊತ್ತಾಗುತ್ತದೆ. ಹೂಗೊಂಚಲು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ತುದಿ ಬೆಳ್ಳಗೆ ಮೊಗ್ಗಾಗಿದ್ದರೆ ಇನ್ನೂ ದಿನ ಇದೆ. ಪ್ರತಿ ಹೂವಿನ ಮೇಲಿನ ಎಸಳಿನಲ್ಲಿ ಒಂದು ಬಿಳಿ ಮಚ್ಚೆ ಇರುತ್ತದೆ. ಹೂವಿಗೆ ವಯಸ್ಸಾದಂತೆ ಅದು ನೇರಳೆಗೆಂಪಿಗೆ ತಿರುಗುತ್ತದೆ. ಜೇನುಹುಳ ಬಿಳಿ ಮಚ್ಚೆಯ ಹೂವನ್ನೇ ಹುಡುಕಿಕೊಂಡು ಹೋಗುತ್ತದೆ, ಕೆಂಪಾದದ್ದನ್ನು ಬಿಡುತ್ತದೆ. ಹೊಲದ ತುಂಬಾ ಕೆಂಪು ಮಚ್ಚೆ, ಕೆಳಗೆ ಕಾಯಿ ಕಂಡರೆ ಫೋಟೋದಲ್ಲಿ ಬಣ್ಣ ಮಂಕು. ಇವತ್ತು ನೋಡಿದ ಗುಂಪಿನಲ್ಲಿ ಬಹುಪಾಲು ಬಿಳಿ ಇತ್ತು. ಈ ಮಚ್ಚೆಯ ವಿಷಯ ಏಳು ವರ್ಷದ ಹುಡುಗಿಗೆ ಆಟಕ್ಕೂ ಆಗುತ್ತದೆ. "ಜೇನುಹುಳ ಈಗ ಯಾವ ಹೂವಿಗೆ ಹೋಗುತ್ತೆ ಹೇಳು" ಎಂದು ಬಿಟ್ಟರೆ ದಾರಿ ಮೇಲೆ ಕೂತು ನೋಡುತ್ತಲೇ ಇರುತ್ತಾಳೆ. ಅವಳು ಹಾಗೆ ನೋಡುವಾಗಿನ ಮುಖ ನನಗೆ ಬೇಕು, ಹಲ್ಲು ಕಿರಿದ ಮುಖ ಬೇಡ. ಕಾಯಿ ಮಾತ್ರ ಯಾರೂ ಬಾಯಿಗೆ ಹಾಕಬಾರದು. ತೊಗರಿ, ಅವರೆ ಕುಟುಂಬದ್ದೇ ಗಿಡ, ಕಾಯಿಯೂ ಹಾಗೇ ಕಾಣುತ್ತದೆ, ಆದರೆ ವಿಷ.

ತಾತ ನಿವೃತ್ತ ಮೇಷ್ಟ್ರು. ಫೋನಿನಲ್ಲಿ ಅವರ ಪ್ರಶ್ನೆ ಬೇರೆ. "ರಸ್ತೆ ಪಕ್ಕದಲ್ಲಿ ಇಷ್ಟೊಂದು ಇದೆಯಲ್ಲ, ಬಿತ್ತೋರು ಯಾರಮ್ಮಾ?" ಕೇಳಲೇಬೇಕಾದ ಪ್ರಶ್ನೆ. ಅರ್ಧ ತಾನಾಗಿ ಬೆಳೆದದ್ದು, ಅರ್ಧ ಮನುಷ್ಯರು ಕಾಪಾಡಿದ್ದು ಎಂದು ಹೇಳಿದೆ. ಟೆಕ್ಸಸ್‌ನ ರಸ್ತೆ ಇಲಾಖೆ 1930ರ ದಶಕದಿಂದಲೇ ಈ ಕೆಲಸ ಮಾಡಿಕೊಂಡು ಬಂದಿದೆ. ಈಗ ವರ್ಷಕ್ಕೆ ಸುಮಾರು 30,000 ಪೌಂಡ್ ಕಾಡುಹೂವಿನ ಬೀಜ ಕೊಳ್ಳುತ್ತದೆ, ಅಂದರೆ 13 ಟನ್‌ಗೂ ಜಾಸ್ತಿ. ಬೀಜ ಉದುರುವವರೆಗೆ ರಸ್ತೆ ಬದಿಯ ಹುಲ್ಲು ಕತ್ತರಿಸುವುದಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ಸನ್ ಅವರ ಹೆಂಡತಿ ಲೇಡಿ ಬರ್ಡ್ ಜಾನ್ಸನ್ ಈ ಹೂವುಗಳಿಗಾಗಿ ಎಷ್ಟೋ ದುಡಿದರು. 1965ರ ಹೆದ್ದಾರಿ ಸೌಂದರ್ಯ ಕಾಯ್ದೆಯ ಹಿಂದೆ ಅವರೇ ಇದ್ದರು. 1982ರಲ್ಲಿ ಆಸ್ಟಿನ್‌ನಲ್ಲಿ ಕಾಡುಹೂವಿನ ಕೇಂದ್ರ ಶುರು ಮಾಡಿದವರೂ ಅವರೇ. ಈಗ ಅದಕ್ಕೆ ಅವರ ಹೆಸರೇ ಇದೆ. ತಾತನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗು ಎಂದು ಮಗನಿಗೆ ಹೇಳಿದ್ದೇನೆ. ಗಿಡಗಳ ಹೆಸರು ಬರೆದಿಟ್ಟಿದ್ದಾರೆ, ಮೇಷ್ಟ್ರಿಗೆ ಅದಕ್ಕಿಂತ ಬೇರೆ ಏನು ಬೇಕು?

ಬ್ಲೂಬಾನೆಟ್ ಕಿತ್ತರೆ ಪೊಲೀಸರು ಹಿಡಿಯುತ್ತಾರೆ ಎಂಬ ಮಾತು ಇಲ್ಲಿ ಎಲ್ಲರೂ ಹೇಳುತ್ತಾರೆ. ಈ ಹೂವಿಗೆಂದೇ ಅಂಥ ಕಾನೂನು ಇಲ್ಲ. ಆದರೆ ಬೇಲಿ ದಾಟಿ ಇನ್ನೊಬ್ಬರ ಜಮೀನಿಗೆ ಹೋಗುವುದು ಅಪರಾಧ. ಪಾರ್ಕುಗಳಿಗೂ ಅವುಗಳದೇ ನಿಯಮ ಇದೆ. ದುಡ್ಡು ತೆಗೆದುಕೊಂಡು ಫೋಟೋ ತೆಗೆಯುವವರು ಮೊದಲೇ ಕೇಳಿಕೊಳ್ಳಬೇಕು, ನಾನು ಕೇಳಿದ್ದೇನೆ. ಅಜ್ಜಿಯ ಮುಡಿಗೆ ಸೊಸೆ ಇಂಡಿಯನ್ ಸ್ಟೋರ್‌ನಲ್ಲಿ ಮಲ್ಲಿಗೆ ಹೇಳಿಟ್ಟಿದ್ದಾಳೆ. ಅದೇ ಸರಿ.

ಬಟ್ಟೆ ಬಗ್ಗೆ ಬಹಳ ಹೊತ್ತು ಮಾತಾಯಿತು. ಸೊಸೆ ಎಲ್ಲರಿಗೂ ನೀಲಿ ತೆಗೆದಿಟ್ಟಿದ್ದಳು, ಹೂವಿಗೆ ಮ್ಯಾಚ್ ಆಗಲಿ ಅಂತ. ನೀಲಿ ಹೂವಿನಲ್ಲಿ ನೀಲಿ ಬಟ್ಟೆ ಹಾಕಿದರೆ ಮುಖ ಮಾತ್ರ ತೇಲುತ್ತದೆ. ಹುಲ್ಲಿನ ಹಸಿರೂ ಹಾಗೇ ಕರಗಿಹೋಗುತ್ತದೆ. ಕಣ್ಣು ಕುಕ್ಕುವ ಗಿಳಿಹಸಿರು, ಗುಲಾಬಿ ಬೇಡವೇ ಬೇಡ, ಆ ಬಣ್ಣ ಗದ್ದದ ಕೆಳಗೆ ಪ್ರತಿಫಲಿಸುತ್ತದೆ. ನೀಲಿಗೆ ಎದುರು ನಿಲ್ಲುವುದು ಅರಿಶಿನ ಬಣ್ಣ. ಅಜ್ಜಿ ಹತ್ತಿರ ಅರಿಶಿನದ ಮೈಸೂರು ಸಿಲ್ಕ್ ಇದೆಯಂತೆ, ಸಣ್ಣ ಜರಿ ಅಂಚು. ಅದನ್ನು ಕೇಳಿದ ಮೇಲೆ ಉಳಿದದ್ದೆಲ್ಲ ಸುಲಭ. ಅಜ್ಜಿಯ ಸೀರೆಯಿಂದ ಶುರು ಮಾಡಿ ಉಳಿದವರಿಗೆ ಆರಿಸಬೇಕು. ತಾತನಿಗೆ ಪಂಚೆ, ಕೆನೆ ಬಣ್ಣದ ಜುಬ್ಬಾ. ಸೊಸೆಗೆ ಮಾಸಲು ಕೆಂಪು. ಮಗನಿಗೆ ಬಿಳಿ. ಮಕ್ಕಳಿಗೆ ಹತ್ತಿಯ ಮೆತ್ತನೆ ಬಟ್ಟೆ, ಕಾಲರ್ ಚುಚ್ಚಿದರೆ ಹುಡುಗ ಕಿರಿಕಿರಿ ಮಾಡುತ್ತಾನೆ.

ಸೂರ್ಯ ಮುಳುಗುವುದು 7:45 ದಾಟಿದ ಮೇಲೆ. 6:15ಕ್ಕೆ ಬನ್ನಿ ಎಂದಿದ್ದೇನೆ. ಆರು ಜನರ ಫೋಟೋ ಮೊದಲು, ಚಿಕ್ಕವನ ಹೊಟ್ಟೆ ತುಂಬಿರುವಾಗಲೇ. ಆಮೇಲೆ ಮಕ್ಕಳನ್ನು ಸೋಪಿನ ಗುಳ್ಳೆ ಊದಲು ಬಿಟ್ಟು ಅಜ್ಜಿ ತಾತನನ್ನು ಕೂರಿಸಬೇಕು. ಬೆಳಕು ತೀರ ಹಳದಿಯಾಗುವವರೆಗೆ ಕಾದರೆ ಮುಖಗಳು ಹೊಳೆಯುತ್ತವೆ, ಆದರೆ ಬ್ಲೂಬಾನೆಟ್ ನೀಲಿ ಹೋಗಿ ನೇರಳೆಯಾಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ನೀಲಿ ನೀಲಿಯಾಗಿಯೇ ಇರಬೇಕು. ಹಾಗಾಗಿ ಇಬ್ಬರ ಫೋಟೋ ಏಳು ಗಂಟೆಯ ಒಳಗೆ, ಸೂರ್ಯನಿಗೆ ಬೆನ್ನು ಹಾಕಿ, ಮುಖಕ್ಕೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಹಿಡಿದು.

ಅವರಿಬ್ಬರ ಫೋಟೋಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಮಕ್ಕಳ ಫೋಟೋ ಪ್ರತಿ ವರ್ಷ ತೆಗೆಯಬಹುದು. ಹಿರಿಯರು ವೀಸಾ ಮೇಲೆ ಆರು ತಿಂಗಳಿಗೆ ಬರುತ್ತಾರೆ, ಮುಂದಿನ ವಸಂತಕ್ಕೆ ಆರೋಗ್ಯ ಹೇಗಿರುತ್ತದೋ, ಅಷ್ಟು ಹೊತ್ತು ವಿಮಾನದಲ್ಲಿ ಕೂರಲು ಆಗುತ್ತದೋ ಇಲ್ಲವೋ. ಹಾಸನದ ಮನೆಯ ಗೋಡೆಗೆ ಹೋಗುವುದು ಈ ಫೋಟೋವೇ. ಮದುವೆಯಾದ ಮೇಲೆ ಇಬ್ಬರೇ ಕೂತು ತೆಗೆಸಿಕೊಂಡದ್ದು ನೆನಪೇ ಇಲ್ಲ ಎಂದರು ಅಜ್ಜಿ.

ಉಳಿದ ತಯಾರಿ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಮಳೆ ಬಂದ ಮರುದಿನ ಫೈರ್ ಆಂಟ್ ಎಂಬ ಕೆಂಪಿರುವೆಯ ಗೂಡುಗಳು ಮಣ್ಣಿನ ಗುಪ್ಪೆಯಾಗಿ ಏಳುತ್ತವೆ. ಕಚ್ಚಿದರೆ ಬೊಬ್ಬೆ ಬರುತ್ತದೆ. ಕೂರಿಸುವ ಜಾಗವನ್ನು ಕೋಲಿನಿಂದ ತಟ್ಟಿ ನೋಡುತ್ತೇನೆ, ಹಾವು ಇದ್ದರೂ ಸರಿದುಹೋಗುತ್ತದೆ. ನೆಲಕ್ಕೆ ಹಳೆ ಜಮಖಾನ, ತಾತನಿಗೆ ಗಿಡ್ಡ ಸ್ಟೂಲ್. ಈಗ ಓಕ್ ಮರಗಳ ಪರಾಗದ ಕಾಲ, ಕಾರುಗಳ ಮೇಲೆಲ್ಲ ಹಳದಿ ಪುಡಿ. ಮಗನಿಗೆ ಸೀನು ಜಾಸ್ತಿ. ಅಲರ್ಜಿ ಮಾತ್ರೆಯನ್ನು ಮಧ್ಯಾಹ್ನವೇ ತೆಗೆದುಕೊಳ್ಳಲು ಹೇಳಿದ್ದೇನೆ, ಇಲ್ಲದಿದ್ದರೆ ಕಣ್ಣು ಕೆಂಪಾಗಿ ಬರುತ್ತದೆ.

ಬುಧವಾರ ಸಂಜೆ ಇನ್ನೊಮ್ಮೆ ಹೋಗಿ ಹೂವು ನೋಡಿ ಬರಬೇಕು. ಭಾನುವಾರ ಜೋರು ಗಾಳಿ ಇದ್ದರೆ ಸೋಮವಾರ ಸಂಜೆಗೆ ಹಾಕುತ್ತೇವೆ. ಗಾಳಿಗೆ ಹೂವು ಅಲ್ಲಾಡುವುದು ಹಾಗಿರಲಿ, ಅಜ್ಜಿಯ ಸೆರಗು ನಿಲ್ಲುವುದಿಲ್ಲ. ಇದು ಯಾವುದೂ ಆಗದಿದ್ದರೆ ಏಪ್ರಿಲ್ ಕೊನೆಗೆ ಇಂಡಿಯನ್ ಬ್ಲಾಂಕೆಟ್ ಅರಳುತ್ತದೆ, ನಡುವೆ ಕೆಂಪು, ಅಂಚಿಗೆ ಹಳದಿ. ಅಜ್ಜಿ ತಾತ ಜುಲೈವರೆಗೂ ಇಲ್ಲೇ ಇರುತ್ತಾರೆ. ಆ ಹೂವಿನ ಫೋಟೋ ಕಳಿಸಿದ್ದೆ. ತಾತನಿಗೆ ಅದೇ ಜಾಸ್ತಿ ಇಷ್ಟವಾಯಿತಂತೆ. ಹಾಗಾದರೆ ಎರಡೂ ಸಲ ತೆಗೆಯೋಣ, ಎರಡನೆಯದಕ್ಕೆ ದುಡ್ಡು ಬೇಡ ಎಂದು ಸೊಸೆಗೆ ಈಗ ಮೆಸೇಜ್ ಹಾಕಿದೆ.